ಲವಿಟಾಳ ಅಳತೆಯ ಕಾರು

೨೦೦೮ರ ಕ್ರಿಸ್ಮಸ್ ಹೊತ್ತಿಗೆ ಮೆಲ್ಬರ್ನಿನ ಟಾರ್ನೀಟ್ ಕಡೆಯ ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಡೇನಿಯಲ್‌ನಂಥ ಗಂಡ ಇನ್ನೊಬ್ಬನಿಲ್ಲ ಎಂದು ತೀರ್ಮಾನವಾಗಿಹೋಗಿತ್ತು. ರಾತ್ರಿಪಾಳಿಯಲ್ಲಿ ಟ್ಯಾಕ್ಸಿ ಓಡಿಸಿ, ಹಗಲು ನಿದ್ದೆಗೆಟ್ಟು, ಗುಜರಿಯಿಂದ ಒಂದೊಂದೇ ಭಾಗ ಹೆಕ್ಕಿ ತಂದು ಹೆಂಡತಿಯ ಅಳತೆಗೆ ಸರಿಯಾಗಿ ಒಂದು ಕಾರನ್ನೇ ಕಟ್ಟಿಕೊಟ್ಟಿದ್ದಾನಂತೆ! ಹೆಂಡತಿ ಲವಿಟಾ ನಾಲ್ಕು ಅಡಿ ಹತ್ತು ಇಂಚಿನವಳು. ಆ ಕಾರಿನ ಚಾಲಕನ ಸೀಟು ಎತ್ತರ, ಸ್ಟೀರಿಂಗಿಗೆ ಹತ್ತಿರ. ಬೇರೆ ಯಾರು ಕೂತರೂ ಮೊಣಕಾಲು ಗಲ್ಲಕ್ಕೆ ಬಡಿಯುತ್ತಿತ್ತು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಹೆಂಗಸರು ಆ ಕಾರಿನ ಸುತ್ತ ನಿಂತು, ತಂತಮ್ಮ ಗಂಡಂದಿರನ್ನು ಒಂದು ಸಲ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಡೇನಿಯಲ್ ತಲೆ ತಗ್ಗಿಸಿ ನಗುತ್ತಿದ್ದ. ಅದನ್ನು ಎಲ್ಲರೂ ವಿನಯವೆಂದುಕೊಂಡರು. ಪಾಪ, ಸ್ಪ್ಯಾನರನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂಬುದೂ ಅವನಿಗೆ ತಿಳಿದಿರಲಿಲ್ಲ. ಕಾರನ್ನು ಕಟ್ಟಿದವಳು ಲವಿಟಾ.

ಹಾಗಾದರೆ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಹೇಳಬೇಡ ಎಂದವಳೂ ಲವಿಟಾಳೇ. ಉಡುಪಿ ಕಡೆಯ ತನ್ನೂರು ಶಿರ್ವದ ಸಹಕಾರಿ ಸೊಸೈಟಿಯ ಕೌಂಟರಿನಲ್ಲಿ ಇಸ್ತ್ರಿ ಸೀರೆಯುಟ್ಟು ಕೂತಿದ್ದ ಬಿ.ಕಾಂ. ಹುಡುಗಿ ಅವಳು. ಆಸ್ಟ್ರೇಲಿಯಾದಲ್ಲಿ ನೆಲೆಸಬೇಕಾದರೆ ಅಡುಗೆ, ಕ್ಷೌರ, ಮೋಟಾರು ರಿಪೇರಿ ಈ ಮೂರರಲ್ಲಿ ಒಂದನ್ನು ಕಲಿಯಿರಿ, ಆ ದೇಶಕ್ಕೆ ಸದ್ಯ ಬೇಕಾದವರು ಅವರೇ ಎಂದು ಮಂಗಳೂರಿನ ಏಜೆಂಟ್ ಹೇಳಿದ್ದ. ಮೊದಲಿನ ಎರಡರಲ್ಲಿ ಸೀಟು ಭರ್ತಿಯಾಗಿತ್ತು. ಹೀಗೆ ಲವಿಟಾ ಮೋಟಾರು ರಿಪೇರಿಯ ವಿದ್ಯಾರ್ಥಿನಿಯಾದಳು, ಡೇನಿಯಲ್ ಅವಳ ವೀಸಾದ ಬಾಲ ಹಿಡಿದು ಬಂದ ಗಂಡನಾದ. ಕಾಲೇಜಿನಲ್ಲಿ ನಲವತ್ತು ಮಂದಿಗೆ ಒಂದು ಎಂಜಿನ್. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೇ ಸರದಿ ಕಾಯಬೇಕಾಗಿತ್ತು.

ಕೋರ್ಸಿನ ಜೊತೆಗೆ ಒಂಬೈನೂರು ಗಂಟೆ ಕೆಲಸ ಮಾಡಿದ ಅನುಭವವನ್ನೂ ತೋರಿಸಬೇಕು, ಆಗ ಮಾತ್ರ ಪಿಆರ್‌ಗೆ, ಎಂದರೆ ಅಲ್ಲೇ ಕಾಯಂ ನೆಲೆಸುವುದಕ್ಕೆ, ಅರ್ಜಿ. ಅವಳು ಹತ್ತಾರು ಗ್ಯಾರೇಜುಗಳ ಬಾಗಿಲು ತಟ್ಟಿದಳು. ಎಲ್ಲರೂ ಅವಳ ಎತ್ತರ ನೋಡಿ, ರಿಸೆಪ್ಷನ್‌ನಲ್ಲಿ ಜಾಗ ಖಾಲಿಯಿಲ್ಲ ಎಂದರು. ಅವಳು ಕೇಳಿದ್ದು ರಿಸೆಪ್ಷನ್ನನ್ನಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಸಿಕ್ಕಿದ್ದು ಲೇವರ್ಟನ್ ನಾರ್ತಿನ ಒಂದು ಗುಜರಿ ಅಂಗಳ. ಅಪಘಾತವಾದ ಕಾರುಗಳನ್ನು ಕೊಂಡು, ಬಿಚ್ಚಿ, ಭಾಗ ಮಾರುವ ಜಾಗ. ಯಜಮಾನ ಫ್ರೆಡ್ಡಿ ಕಮಿಲ್ಲೇರಿ ಮಾಲ್ಟಾ ದ್ವೀಪದಿಂದ ಹುಡುಗನಾಗಿದ್ದಾಗ ಹಡಗು ಹತ್ತಿ ಬಂದವನು. ಈಗ ಎಪ್ಪತ್ತರ ಮುದುಕ. ಅವನು ನೋಡಿದ್ದು ಅವಳ ಎತ್ತರವನ್ನಲ್ಲ, ಕೈಯನ್ನು.

"ನನ್ನ ಬೆರಳು ದಪ್ಪವಾಗಿಬಿಟ್ಟಿವೆ, ಎಂಜಿನ್ನಿನ ಸಂದಿಗೆ ಹೋಗುವುದಿಲ್ಲ. ನಿನ್ನ ಕೈ ಹೋಗುತ್ತದೆ. ನಾಳೆ ಬಾ," ಎಂದ.

ಇಗರ್ಜಿಯವರಿಗೆ ಅವಳು 'ಸ್ಪೇರ್ ಪಾರ್ಟ್ಸ್ ಆಫೀಸಿನಲ್ಲಿ ಕೆಲಸ' ಎಂದಳು. ಗುಜರಿಯಲ್ಲಿ ಗ್ರೀಸು ಬಳಿದುಕೊಳ್ಳುತ್ತೇನೆ ಎಂದಿದ್ದರೆ, ಅವಳು ಕೈ ತೊಳೆಯುವುದರೊಳಗೆ ಸುದ್ದಿ ಶಿರ್ವ ಮುಟ್ಟುತ್ತಿತ್ತು. ನಮ್ಮವರ ಬಾಯಿಯ ವೇಗ ಯಾವ ಎಂಜಿನ್ನಿಗೂ ಇಲ್ಲ.

ಎಂಟು ತಿಂಗಳು ಅವಳು ಬಿಚ್ಚಿದ್ದೇ ಬಿಚ್ಚಿದ್ದು. ಮೊದಲ ದಿನ ಒಂದು ಡೈನಮೋ ಕಳಚಲು ನಾಲ್ಕು ಗಂಟೆ ಹಿಡಿದಿತ್ತು. ಆಮೇಲಾಮೇಲೆ ಹತ್ತು ನಿಮಿಷ ಸಾಕಾಯಿತು. ಉಗುರಿನ ಕಪ್ಪು ಹೋಗದೆ ಭಾನುವಾರಕ್ಕೆಂದು ಬಣ್ಣ ಹಚ್ಚಿಕೊಳ್ಳುವುದನ್ನು ಕಲಿತಳು. ಒಂದು ದಿನ ಧೈರ್ಯ ಮಾಡಿ, ಕೂಡಿಸುವುದನ್ನು ಯಾವಾಗ ಕಲಿಸುತ್ತೀ ಎಂದು ಕೇಳಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆ ಫ್ರೆಡ್ಡಿಗೆ ಗೊತ್ತಿರಲಿಲ್ಲ, ಆದರೆ ಅವನು ಹೇಳಿದ್ದು ಹೆಚ್ಚುಕಡಿಮೆ ಅದನ್ನೇ. ಬಿಚ್ಚುವುದಕ್ಕೆ ಕೈ ಸಾಕು, ಕಟ್ಟುವುದಕ್ಕೆ ತಾಳ್ಮೆ ಬೇಕು, ಇದೆಯೇ ಎಂದ. ಇದೆ ಎಂದಳು. ಅಂಗಳದ ಮೂಲೆಯಲ್ಲಿ, ಹುಲ್ಲಿನ ನಡುವೆ, ೧೯೭೮ರ ಒಂದು ಕೊರೊಲ್ಲಾ ಕಾರಿನ ಬರಿಯ ಮೈ ಬಿದ್ದಿತ್ತು. ಎಂಜಿನ್ನಿಲ್ಲ, ಬಾಗಿಲಿಲ್ಲ, ಗಾಜಿಲ್ಲ. ಒಂಬತ್ತು ವರ್ಷದಿಂದ ಅದರೊಳಗೆ ಫ್ರೆಡ್ಡಿಯ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

"ಇದರಿಂದ ಶುರು ಮಾಡು. ಅಂಗಳದಲ್ಲಿರುವುದು ಏನು ಬೇಕಾದರೂ ತಗೋ. ಒಂದೇ ಷರತ್ತು. ನೀನೇ ಬಿಚ್ಚಿದ ಭಾಗವನ್ನು ಮಾತ್ರ ಹಾಕಬೇಕು. ಬೇರೆಯವರು ಬಿಚ್ಚಿಟ್ಟದ್ದನ್ನು ಮುಟ್ಟಕೂಡದು. ಎಲ್ಲಿಂದ ಹೇಗೆ ಬಂತೆಂದು ತಿಳಿಯದ ವಸ್ತುವನ್ನು ಹೇಗೆ ಕೂರಿಸುತ್ತೀ?"

ಆ ಷರತ್ತು ಅವಳ ಬೆನ್ನು ಮುರಿಯಿತು. ಕಪಾಟಿನ ತುಂಬ ಸ್ಟಾರ್ಟರ್ ಮೋಟಾರುಗಳಿದ್ದರೂ ಅವಳು ಮಳೆಯಲ್ಲಿ ಇನ್ನೊಂದು ಕಾರಿನಡಿಗೆ ಮಲಗಿ ತನ್ನದನ್ನೇ ಬಿಚ್ಚಬೇಕಾಯಿತು. ಮೊದಲು ಕೋಳಿಗಳನ್ನು ಒಕ್ಕಲೆಬ್ಬಿಸಿದಳು. ತುಕ್ಕು ತಿಂದ ನೆಲವನ್ನು ಕತ್ತರಿಸಿ ಬೇರೆ ಕಾರಿನ ತಗಡನ್ನು ಬೆಸೆದಳು. ಮೊದಲ ಬೆಸುಗೆ ನೋಡಿ ಫ್ರೆಡ್ಡಿ ಇದೇನು, ಕೋಳಿ ಹಿಕ್ಕೆಯೇ ಎಂದು ಕೇಳಿ ಒಡೆಸಿದ. ಬ್ರೆಡ್ ಹಂಚುತ್ತಿದ್ದ ಹಳೆಯ ವ್ಯಾನೊಂದರಿಂದ ಎಂಜಿನ್ ಬಂತು. ಬಿಳಿಯ ಬಾಗಿಲು ಒಂದರಿಂದ, ಹಸಿರು ಬಾನೆಟ್ಟು ಮತ್ತೊಂದರಿಂದ. ಪುಟ್ಟ ಕಾರೊಂದರ ಸೀಟನ್ನು ತಂದು ತನ್ನ ಕಾಲು ಪೆಡಲ್ ಮುಟ್ಟುವಷ್ಟು ಮುಂದಕ್ಕೆ, ಕಣ್ಣಿಗೆ ರಸ್ತೆ ಕಾಣುವಷ್ಟು ಎತ್ತರಕ್ಕೆ ಕೂರಿಸಿದಳು. ಹುಟ್ಟಿದಂದಿನಿಂದ ಬೇರೆಯವರ ಅಳತೆಯ ಬೆಂಚು, ಬಸ್ಸು, ಕೌಂಟರುಗಳಲ್ಲಿ ತುದಿಗಾಲಲ್ಲಿ ನಿಂತವಳು ಅವಳು. ಆ ಸೀಟಿನಲ್ಲಿ ಮೊದಲ ಸಲ ಕೂತಾಗ ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಿದವು, ಅವಳಿಗೆ ತಡೆಯಲಾರದಷ್ಟು ಸಂತೋಷವಾಯಿತು. ರಜೆಯ ದಿನ ಡೇನಿಯಲ್ ಬುತ್ತಿ ಕಟ್ಟಿಕೊಂಡು ಬಂದು ಟಾರ್ಚು ಹಿಡಿಯುತ್ತಿದ್ದ. ಕಾರನ್ನು ರಸ್ತೆಗೆ ಬಿಡಬಹುದೇ ಎಂದು ಪರೀಕ್ಷಿಸಲು ಬಂದ ಎಂಜಿನಿಯರ್ ಮೊದಲ ಸಲ ಆಗದೆಂದು ತಲೆಯಾಡಿಸಿ, ಎರಡನೆಯ ಸಲ ಒಪ್ಪಿ ಸಹಿ ಹಾಕಿದ. ನಂಬರ್ ಪ್ಲೇಟು ಬಂತು. ಹೊರಗಿನ ನೋಟಕ್ಕೆ ನೀಲಿ ಬಣ್ಣ ಬಳಿದದ್ದೂ ಆಯಿತು.

ಫೆಬ್ರವರಿಯಲ್ಲಿ ಒಂಬೈನೂರು ಗಂಟೆಯೂ ಮುಗಿಯಿತು. ಅರ್ಜಿಯ ನಮೂನೆಯನ್ನು ತೆಗೆದುಕೊಂಡು ಅವಳು ಕುಣಿಯುತ್ತ ಫ್ರೆಡ್ಡಿಯ ಮುಂದೆ ಹೋಗಿ ನಿಂತಳು. ಅವನು ಕನ್ನಡಕ ಏರಿಸಿ ಓದಿದ. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು. ಕೆಲಸ ಕಲಿಸಿದವರ ಮೆಕ್ಯಾನಿಕ್ ಪ್ರಮಾಣಪತ್ರದ ಸಂಖ್ಯೆ.

ಅವನ ಬಳಿ ಅಂಥದ್ದು ಇರಲಿಲ್ಲ. ಐವತ್ತು ವರ್ಷ ಎಂಜಿನ್ನುಗಳ ಹೊಟ್ಟೆ ಬಗೆದವನು ಸರಕಾರದ ಲೆಕ್ಕದಲ್ಲಿ ಬರಿಯ ಗುಜರಿ ವ್ಯಾಪಾರಿ. ಇಷ್ಟು ಕಾಲದಲ್ಲಿ ಒಂದು ದಿನವೂ ಲವಿಟಾಳಿಗೆ ಅದನ್ನು ಕೇಳಬೇಕೆಂದು ತೋರಿರಲಿಲ್ಲ. ತೋರುವುದಾದರೂ ಹೇಗೆ? ಶಿರ್ವದ ಬಸ್ಸುಗಳನ್ನು ರಿಪೇರಿ ಮಾಡುವವರ ಸರ್ಟಿಫಿಕೇಟು ಯಾವುದೆಂದು ಕೇಳಿದವರನ್ನು ಆ ಊರು ಕಂಡಿಲ್ಲ. ಕೆಲಸ ಬಲ್ಲವನೇ ಮೇಸ್ತ್ರಿ, ಅವನ ಕೈಕೆಳಗೆ ಪಳಗಿದವರು ಪಳಗಿದಂತೆಯೇ. ಆ ನಂಬಿಕೆಯನ್ನು ಅವಳು ವಿಮಾನದಲ್ಲಿ ಜೊತೆಗೇ ತಂದಿದ್ದಳು.

"ನಾನಾದರೂ ಹೇಳಬೇಕಿತ್ತು," ಎಂದ ಫ್ರೆಡ್ಡಿ. ನಮೂನೆಯನ್ನು ಮಡಚಿ ಅವಳ ಕೈಗಿಟ್ಟು ಕೋಳಿಗಳ ಕಡೆ ಹೋದ. ಆ ದಿನವಿಡೀ ಅವನು ಅವಳ ಮುಖ ನೋಡಲಿಲ್ಲ.

ಇಂಥ ಸಮಯಕ್ಕೆಂದೇ ದೇವರು ಬರ್ಥಾ ಆಂಟಿಯನ್ನು ಸೃಷ್ಟಿಸಿದ್ದ. ಡೇನಿಯಲ್‌ನ ತಾಯಿಯ ತಂಗಿ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಹದಿನೈದು ವರ್ಷದಿಂದ ನರ್ಸು. ಆಗುವುದಿಲ್ಲ ಎನ್ನುವುದು ಅವರ ನಾಲಗೆಗೆ ಬಾರದ ಮಾತು. ಡೇನಿಯಲ್ ಫೋನ್ ಮಾಡಿದ ವಾರದೊಳಗೆ ದಾರಿ ಹುಡುಕಿದರು. ಬ್ಲ್ಯಾಕ್‌ಟೌನಿನಲ್ಲಿ ಹಾಸನ ಕಡೆಯ ಹಿರಿಯಣ್ಣ ಎಂಬವರ ಗ್ಯಾರೇಜಿದೆ, ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಆಂಟಿ ನೋಡಿಕೊಂಡಿದ್ದಾರೆ. ಹಿರಿಯಣ್ಣ ಪ್ರಮಾಣಪತ್ರವಿರುವ ಮೆಕ್ಯಾನಿಕ್. ಲವಿಟಾ ತಮ್ಮಲ್ಲೇ ಒಂಬೈನೂರು ಗಂಟೆ ಕೆಲಸ ಮಾಡಿದ್ದಾಳೆಂದು ಬರೆದುಕೊಡುತ್ತಾರೆ. ಒಮ್ಮೆ ಬಂದು ಮುಖ ತೋರಿಸಿ, ಕೆಳಗೆ ಅವಳೂ ಸಹಿ ಹಾಕಬೇಕು, ಅಷ್ಟೆ. ವೀಸಾ ಉಳಿದಿರುವುದು ಒಂದೇ ವರ್ಷ. ಈ ಕಾಗದವಿಲ್ಲದಿದ್ದರೆ ಇಬ್ಬರೂ ಗಂಟುಮೂಟೆ ಕಟ್ಟಿ ಊರಿಗೆ ಹೋಗಬೇಕು.

ಮಾರ್ಚಿನ ಒಂದು ಶುಕ್ರವಾರ ಇಬ್ಬರೂ ಆ ಕಾರಿನಲ್ಲೇ ಹೊರಟರು. ಡೇನಿಯಲ್‌ಗೆ ಸ್ಟೀರಿಂಗಿನ ಹಿಂದೆ ಕೂರಲಾಗದು, ಹಾಗಾಗಿ ಸಿಡ್ನಿಯವರೆಗೂ ಲವಿಟಾಳೇ ಓಡಿಸಿದಳು. ದಾರಿಯಲ್ಲಿ ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

ಶನಿವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಹಿರಿಯಣ್ಣ ಒಬ್ಬರೇ ಇದ್ದರು. ದೊಡ್ಡ ಮೈ, ನಗುಮುಖ.

"ಬಾರಮ್ಮ, ಕೂತ್ಕೊ. ಬರ್ಥಕ್ಕ ಎಲ್ಲಾ ಹೇಳವ್ರೆ. ಏನೂ ಹೆದರ್ಕೋಬೇಡ. ಈಗಾಗ್ಲೇ ಒಂಬತ್ತು ಹುಡುಗ್ರಿಗೆ ಬರ್ಕೊಟ್ಟಿದ್ದೀನಿ. ಒಂದು ಪೈಸಾ ಮುಟ್ಟಿಲ್ಲ. ನಮ್ ಮಕ್ಳು, ಪಾಪ, ಸಾಲ ಮಾಡ್ಕೊಂಡು ಬಂದಿರ್ತವೆ."

ಪತ್ರ ಆಗಲೇ ಟೈಪಾಗಿ ಮೇಜಿನ ಮೇಲಿತ್ತು. ಅವರು ಸಹಿ ಹಾಕಿ ಅವಳ ಮುಂದೆ ಸರಿಸಿದರು. ಆಮೇಲೆ ಏನೋ ನೆನಪಾಗಿ, ಎದ್ದು ಗೋಡೆಯಿಂದ ಒಂದೊಂದೇ ಸಲಕರಣೆ ತೆಗೆದು ತೋರಿಸತೊಡಗಿದರು. "ಯಾವತ್ತಾದ್ರೂ ಫೋನ್ ಬರ್ಬೋದು. ಇದು ಟಾರ್ಕ್ ರೆಂಚು. ಹೇಳು, ಟಾರ್ಕ್ ರೆಂಚು. ಇದು ಸಾಕೆಟ್ಟು." ಅಂಗನವಾಡಿಯ ಮಕ್ಕಳಿಗೆ ಹೇಳುವ ಹಾಗೆ, ಅಷ್ಟೇ ಪ್ರೀತಿಯಿಂದ. ಲವಿಟಾ ಹೇಳಿದಳು: ಟಾರ್ಕ್ ರೆಂಚು, ಸಾಕೆಟ್ಟು.

ಹಾಗೆ ಹೇಳಿಸುತ್ತಿರುವಾಗಲೇ ಅವರ ಕಣ್ಣು ಬಾಗಿಲಾಚೆ ನಿಂತ ನೀಲಿ ಕಾರಿನ ಮೇಲೆ ಬಿತ್ತು. "ಓಹೋ, ಇದೇನಾ ಬರ್ಥಕ್ಕ ಹೇಳ್ತಿದ್ದ ಕಾರು? ಡೇನಿಯಲ್, ಭಾರಿ ಕೆಲ್ಸ ಮಾಡಿದ್ದೀಯ ಕಣಪ್ಪ. ಹೆಂಡ್ತಿ ಮೇಲೆ ಪ್ರೀತಿ ಇದ್ರೆ ಹಿಂಗಿರ್ಬೇಕು."

ಡೇನಿಯಲ್ ಈ ಸಲ ತಲೆ ತಗ್ಗಿಸಲಿಲ್ಲ. ಹೆಂಡತಿ ಸಾಕೆಟ್ಟು ಎಂದು ಗಿಣಿಪಾಠ ಒಪ್ಪಿಸಿದ್ದನ್ನು ಕೇಳಿ ಅವನ ಮುಖ ಕೆಂಪೇರಿತ್ತು.

"ನಾನಲ್ಲ ಅಂಕಲ್. ಇವಳೇ ಕಟ್ಟಿದ್ದು. ಪೂರ್ತಿ ಇವಳೇ. ನಾನು ಟಾರ್ಚ್ ಹಿಡಿದದ್ದು ಮಾತ್ರ."

ಹಿರಿಯಣ್ಣ ಮೇಜು ತಟ್ಟಿ ನಕ್ಕರು. "ಭೇಷ್! ಹಿಂಗೇ ಹೇಳ್ಬೇಕು ನೋಡು! ಯಾರಾದ್ರೂ ಕೇಳಿದ್ರೆ ಇಬ್ರೂ ಹಿಂಗೇ ಹೇಳಿ. ಒಂಚೂರೂ ಅನುಮಾನ ಬರಲ್ಲ!"

ಆ ನಗೆ ಲವಿಟಾಳ ಎದೆಗೆ ಬಡಿಯಿತು. ನಿಜವನ್ನೇ ಹೇಳಿದರೂ ಅದು ಚೆನ್ನಾಗಿ ಕಲಿತ ಸುಳ್ಳಿನಂತೆ ಕೇಳಿಸಿತಲ್ಲ! ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬಂದದ್ದು ತನ್ನ ಮೇಲೇ. ಭಾನುವಾರ ಭಾನುವಾರ ಉಗುರಿಗೆ ಬಣ್ಣ ಹಚ್ಚಿಕೊಂಡು, ಗಂಡನಿಗೆ ಬಂದ ಹೊಗಳಿಕೆಯ ಪಕ್ಕದಲ್ಲಿ ಸುಮ್ಮನೆ ನಿಂತು, ಈ ನಗೆಯನ್ನು ಸಾಕಿ ಬೆಳೆಸಿದವಳು ತಾನೇ. ಕೈಯಲ್ಲಿ ಪೆನ್ನಿತ್ತು. ಅವಳು ಅದನ್ನು ಕೆಳಗಿಟ್ಟಳು.

"ಅಂಕಲ್, ಒಂದು ನಿಮಿಷ ಹೊರಗೆ ಬನ್ನಿ."

ಬಾನೆಟ್ಟು ಎತ್ತಿದಳು. ಹಿರಿಯಣ್ಣ ತಮಾಷೆಗೆಂದೇ ನಾಲ್ಕಾರು ಪ್ರಶ್ನೆ ಕೇಳಿದರು. ಎಂಜಿನ್ ಎಲ್ಲಿಯದು, ಇದನ್ನು ಎಷ್ಟು ಬಿಗಿ ಮಾಡಬೇಕು, ಅದರ ಅಂತರ ಎಷ್ಟು? ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಅವರು ಮೆಚ್ಚಿ ತಲೆಯಾಡಿಸಿದರು, ಆದರೆ ಕಣ್ಣಿನಲ್ಲಿ ನಗು ಹಾಗೇ ಇತ್ತು. ಪುಸ್ತಕ ಓದಿದರೆ ಇಷ್ಟು ಯಾರಿಗಾದರೂ ಬಂದೀತು.

"ಸರಿ, ಕ್ಲಚ್ ಪ್ಲೇಟು ಹೆಂಗೆ ಕೂರಿಸ್ದೆ?"

"ಉಲ್ಟಾ," ಎಂದಳು ಲವಿಟಾ.

"ಏನು?"

"ಮೊದಲನೇ ಸಲ ಉಲ್ಟಾ ಕೂರಿಸಿದೆ. ಗೊತ್ತೇ ಆಗ್ಲಿಲ್ಲ. ಮೂರು ದಿನ ಕಷ್ಟ ಪಟ್ಟು ಗೇರ್‌ಬಾಕ್ಸ್ ಏರಿಸಿ, ಎಲ್ಲ ಬಿಗಿದು, ಖುಷಿಯಲ್ಲಿ ಸ್ಟಾರ್ಟ್ ಮಾಡಿದ್ರೆ ಪೆಡಲ್ ಎಷ್ಟು ಒತ್ತಿದ್ರೂ ಗೇರ್ ಬೀಳುದಿಲ್ಲ. ಕಿರಿಚುದು ಮಾತ್ರ. ಫ್ರೆಡ್ಡಿಗೆ ಆಗಲೇ ಗೊತ್ತಿತ್ತು. ಕೂರಿಸುವಾಗ ನೋಡಿದ್ದ, ಹೇಳ್ಲಿಲ್ಲ. ಒಬ್ಬಳೇ ಪುನಃ ಬಿಚ್ಚು ಅಂದ. ನಾನು ಅಲ್ಲೇ ನೆಲದಲ್ಲಿ ಕೂತು ಅತ್ತೆ. ಆಮೇಲೆ ಬಿಚ್ಚಿದೆ. ಅದರ ಮೇಲಿನ ಬೋಲ್ಟ್ ಉಂಟಲ್ಲ ಅಂಕಲ್..."

"ಕಣ್ಣಿಗೆ ಕಾಣಲ್ಲ ಅದು," ಎಂದರು ಹಿರಿಯಣ್ಣ, ತಮಗೇ ತಿಳಿಯದೆ.

"ಹಾಂ, ಕಾಣುದಿಲ್ಲ. ಕೈ ತೂರಿಸಿ ಬೆರಳಲ್ಲಿ ಹುಡುಕ್ಬೇಕು. ಬಿಚ್ಚುವಾಗ ಒಂದು ಸಲ ಚರ್ಮ ಹೋಯ್ತು, ಹಾಕುವಾಗ ಇನ್ನೊಂದು ಸಲ."

ಹಿರಿಯಣ್ಣನವರ ನಗು ಎಲ್ಲೋ ಹೋಗಿತ್ತು. ಸರಿಯುತ್ತರಗಳನ್ನು ಬಾಯಿಪಾಠ ಮಾಡಬಹುದು. ಇಂಥ ತಪ್ಪನ್ನು ಮಾಡಿಯೇ ತಿಳಿಯಬೇಕು. ಅವರು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದರು.

"ನೀನೇ ಕಣಮ್ಮ ಮಾಡಿದ್ದು," ಎಂದರು. "ನಾನು ಗಿಣಿಗೆ ಹೇಳ್ಕೊಟ್ಟಂಗೆ... ಛೆ. ತಪ್ಪು ತಿಳ್ಕೋಬೇಡ." ಆಮೇಲೆ ಮುಖ ಅರಳಿಸಿದರು. "ಹಂಗಾದ್ರೆ ಒಳ್ಳೇದೇ ಆಯ್ತಲ್ಲ! ಕೆಲ್ಸ ಬರ್ತದೆ ಅಂತ ಪತ್ರದಾಗೆ ಐತೆ, ನಿಂಗೆ ಬರ್ತದೆ. ಸುಳ್ಳೇ ಅಲ್ಲ ಇದು. ಬಾ, ಸೈನ್ ಹಾಕು."

"ಕಲಿಸಿದ್ದು ನೀವು ಅಂತ ಉಂಟು ಅದರಲ್ಲಿ."

"ಹೊಳೆ ದಾಟೋಕೆ ಒಂದು ದೋಣಿ ಬೇಕು ಕಣಮ್ಮ. ಅಂಬಿಗ ಯಾರಾದ್ರೇನು?"

"ಅಂಬಿಗ ಯಾರಾದ್ರೇನು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ ಅಂಕಲ್," ಎಂದಳು ಲವಿಟಾ. "ಏನೂ ಬಾರದವಳಾಗಿದ್ರೆ ಸೈನ್ ಹಾಕ್ತಿದ್ದೆ. ನನಗೆ ಬರ್ತದೆ. ಬರುವ ಹಾಗೆ ಮಾಡಿದ್ದು ಆ ಮುದುಕ. ಅವನ ಹೆಸರಿನ ಜಾಗದಲ್ಲಿ ಬೇರೆ ಹೆಸರು ಇದ್ರೆ ಅದರ ಕೆಳಗೆ ನನ್ನ ಕೈ ಓಡುದಿಲ್ಲ."

ಡೇನಿಯಲ್‌ನ ಮುಖ ಬಿಳುಚಿಕೊಂಡಿತು. ಎರಡು ವರ್ಷದ ರಾತ್ರಿಪಾಳಿ, ಕುಡುಕರ ಬೈಗುಳ, ಹಿಂದಿನ ಸೀಟಿನ ವಾಂತಿ ತೊಳೆದದ್ದು, ಎಲ್ಲವೂ ಆ ಮೇಜಿನ ಮೇಲಿನ ಕಾಗದಕ್ಕಾಗಿಯೇ ಆಗಿತ್ತು.

ಹಿರಿಯಣ್ಣ ಒಳಗೆ ಹೋಗಿ ಪತ್ರವನ್ನು ಎತ್ತಿಕೊಂಡು, ನಾಲ್ಕಾಗಿ ಹರಿದು ಕಸದ ಡಬ್ಬಕ್ಕೆ ಹಾಕಿದರು. "ವೀಸಾ ಯಾವತ್ತಿನ ತಂಕ ಐತೆ?"

"ಮುಂದಿನ ಮಾರ್ಚ್."

"ಸ್ಟೂಡೆಂಟ್ ವೀಸಾದಾಗೆ ವಾರಕ್ಕೆ ಇಪ್ಪತ್ತೇ ಗಂಟೆ, ನಲ್ವತ್ತೈದು ವಾರ. ಸಾಕಾಗ್ತದೆ, ಅಷ್ಟಕ್ಕಷ್ಟೆ. ಬರೋ ಸೋಮವಾರದಿಂದ ಇಲ್ಲಿ ಕೆಲ್ಸಕ್ಕೆ ಬಾ. ಸಂಬಳ ಕೊಡ್ತೀನಿ. ಆದ್ರೆ ಗಂಟೆ ಲೆಕ್ಕ ಮೊದಲಿಂದ ಶುರು. ಒಂದು ಗಂಟೆ ಕಮ್ಮಿಯಾದ್ರೂ ಬರ್ಕೊಡಲ್ಲ, ಈಗ್ಲೇ ಹೇಳಿರ್ತೀನಿ."

"ಬರ್ತೇನೆ," ಎಂದಳು ಲವಿಟಾ. ಹೇಳಿದ ಮೇಲೆ ಗಂಡನ ಕಡೆ ತಿರುಗಿದಳು.

ಬರ್ಥಾ ಆಂಟಿಗೆ ಸುದ್ದಿ ಮುಟ್ಟಿದಾಗ ಕ್ವೇಕರ್ಸ್ ಹಿಲ್‌ನ ಅಡುಗೆಮನೆ ನಡುಗಿತು. "ಎಂಥ ಮಾರಾಯ್ತಿ ನೀನು! ಕೈಗೆ ಬಂದದ್ದನ್ನು ಬೇಡ ಹೇಳ್ಲಿಕ್ಕೆ ಹುಚ್ಚಾ ನಿನಗೆ? ಇನ್ನು ಒಂದು ವರ್ಷ! ಮಧ್ಯದಲ್ಲಿ ರೂಲ್ಸ್ ಬದಲಾದ್ರೆ? ಅವನ ಗತಿ ಎಂಥ?" ಎಂದು ಬೈದರು. ಬೈದು ಸುಸ್ತಾದ ಮೇಲೆ, ಹಿಂದಿನ ಕೋಣೆ ಖಾಲಿಯುಂಟು, ರೆಂಟ್ ಕೊಡ್ತೇನೆ ಅಂದ್ರೆ ಕಾಲು ಮುರಿತೇನೆ ಎಂದು ಡ್ಯೂಟಿಗೆ ಹೋದರು.

ಆಂಟಿ ಹೋದ ಮೇಲೂ ಡೇನಿಯಲ್ ಅಡುಗೆಮನೆಯಲ್ಲೇ ಕೂತಿದ್ದ. ಮೆಲ್ಬರ್ನಿನ ಓಣಿಓಣಿಯೂ ಅವನಿಗೆ ಕಂಠಪಾಠವಾಗಿತ್ತು. ಅದಕ್ಕೆ ಸಿಡ್ನಿಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಇಲ್ಲಿ ಟ್ಯಾಕ್ಸಿ ಓಡಿಸಲು ಬೇರೆಯೇ ಲೈಸೆನ್ಸ್ ಬೇಕು, ಬೇರೆ ಪರೀಕ್ಷೆ ಕಟ್ಟಬೇಕು.

"ನೀನು ನನ್ನನ್ನು ಕೇಳ್ಲಿಲ್ಲ," ಎಂದ ಕೊನೆಗೆ.

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು. ಬೇಡ ಅಂತಿದ್ದೆ."

ಅವನು ಎದ್ದು ಹೊರಗೆ ಹೋದ. ಬಾಗಿಲು ಮುಚ್ಚಿದ ಸದ್ದಿಗೆ ಅವಳು ಬೆಚ್ಚಿದಳು. ಮಾಡಿದ್ದು ಸರಿಯೆಂದು ಅವಳಿಗೆ ಗೊತ್ತಿತ್ತು, ಅದರ ಬೆಲೆಯನ್ನು ಅವನೂ ತೆರಬೇಕೆಂಬುದೂ ಗೊತ್ತಿತ್ತು. ಪಾತ್ರೆ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಅವನು ಒಳಗೆ ಬಂದಾಗ ಕೈಯಲ್ಲಿ ಆಂಟಿಯ ಕಾರಿನಲ್ಲಿದ್ದ ಸಿಡ್ನಿಯ ರಸ್ತೆಗಳ ದಪ್ಪ ಪುಸ್ತಕವಿತ್ತು. ಊಟದ ಮೇಜಿನ ಮುಂದೆ ಕೂತು, ಹಾಳೆ ತಿರುವಿ, ಬೆರಳಿಟ್ಟು ಗೆರೆಗಳ ಮೇಲೆ ಎಳೆಯತೊಡಗಿದ. ಅರ್ಧ ಗಂಟೆ ಹಾಗೇ ಕೂತಿದ್ದ. ಆಮೇಲೆ ಪುಸ್ತಕವನ್ನು ಅವಳ ಕಡೆ ತಿರುಗಿಸಿ ತಳ್ಳಿದ.

"ನೀನು ನೋಡ್ಕೊ. ಏರ್‌ಪೋರ್ಟಿನಿಂದ ಸೆಂಟ್ರಲ್ ಸ್ಟೇಷನ್," ಎಂದು ಕಣ್ಣು ಮುಚ್ಚಿಕೊಂಡ. "ಹೊರಗೆ ಬಂದು ಓ'ರಿಯೋರ್ಡನ್ ಸ್ಟ್ರೀಟ್. ಅಲ್ಲಿಂದ ಬಾಟನಿ ರೋಡ್. ಸೀದಾ ಬಂದು ಕ್ಲೀವ್‌ಲ್ಯಾಂಡ್ ಸ್ಟ್ರೀಟಿನಲ್ಲಿ ಎಡಕ್ಕೆ."

ಲವಿಟಾಳ ಕಣ್ಣು ತುಂಬಿ ಬಂದು ಪುಟದ ರಸ್ತೆಗಳೆಲ್ಲ ಕಲಸಿಹೋದವು. ಒರೆಸಿಕೊಂಡು ಬೆರಳಿಟ್ಟು ನೋಡಿದಳು.

"ತಪ್ಪು," ಎಂದಳು.

ಅವನು ಕಣ್ಣು ತೆರೆಯಲಿಲ್ಲ. "ಸರಿ. ಮೊದಲಿಂದ," ಎಂದ.